ನೂರು ಯೆನ್‌ಗೆ ಎಷ್ಟಪ್ಪಾ ಇವತ್ತು?

‘ಡಾಲರ್ ಏರಿದ್ಯಂತೆ ಕಣೋ, ಟೀವಿಲಿ ಬಂತು. ನಿಂಗೆ ಒಳ್ಳೇದೇ ಆಯ್ತಲ್ಲ?’

ಅರಸೀಕೆರೆಯಿಂದ ಅಮ್ಮ ಹೀಗೆ ಖುಷಿಯಾಗಿ ಕೇಳಿದಾಗಲೆಲ್ಲ ‘ಹ್ಞೂಂ ಅಮ್ಮ’ ಅಂದುಬಿಡುತ್ತಿದ್ದೆ. ನಾನಿರುವುದು ಟೋಕಿಯೊ ಪಕ್ಕದ ಕಾವಾಸಾಕಿಯಲ್ಲಿ. ಸಂಬಳ ಬರುವುದು ಯೆನ್‌ನಲ್ಲಿ. ಆದರೆ ನಮ್ಮ ಬೀದಿಯವರ ಪ್ರಕಾರ ವಿಮಾನ ಹತ್ತಿದವರೆಲ್ಲ ಡಾಲರ್ ಎಣಿಸುವವರೇ.

2021ರ ಜನವರಿಯಲ್ಲಿ ಊರಲ್ಲಿ ಮನೆ ಕಟ್ಟಲು ಸಾಲ ತೆಗೆದೆವು. ಆಗ ನೂರು ಯೆನ್‌ಗೆ ಹತ್ತಿರ ಹತ್ತಿರ 70 ರೂಪಾಯಿ. ತಿಂಗಳಿಗೆ 50 ಸಾವಿರ ರೂಪಾಯಿ ಕಳಿಸುತ್ತೇನೆ ಅಂತ ಧೈರ್ಯವಾಗಿ ಹೇಳಿದೆ. ಅದರಲ್ಲಿ 31 ಸಾವಿರ ಸಾಲದ ಕಂತು, ಉಳಿದದ್ದು ತಂಗಿಯ ಫೀಸು, ಅಪ್ಪನ ಮಾತ್ರೆ, ದಿನಸಿ. ನನ್ನ ಖಾತೆಯಿಂದ ಹೋಗುತ್ತಿದ್ದದ್ದು ಸುಮಾರು 71 ಸಾವಿರ ಯೆನ್. ಆರಾಮಾಗಿತ್ತು.

2022ರಲ್ಲಿ ಅಮೆರಿಕ ಬಡ್ಡಿ ಏರಿಸುತ್ತಾ ಹೋಯಿತು. ಜಪಾನಿನ ಕೇಂದ್ರ ಬ್ಯಾಂಕ್ ಮಾತ್ರ 2024ರ ಮಾರ್ಚ್‌ವರೆಗೂ ಸೊನ್ನೆಗಿಂತ ಕಡಿಮೆ ಬಡ್ಡಿಯಲ್ಲೇ ಕೂತಿತ್ತು. ಬಡ್ಡಿಯೇ ಸಿಗದ ಕಡೆ ಯಾರು ದುಡ್ಡಿಡುತ್ತಾರೆ? ಎಲ್ಲರೂ ಯೆನ್ ಮಾರಿ ಡಾಲರ್ ಕೊಂಡರು. ಆ ವರ್ಷ ಜುಲೈನಲ್ಲಿ ಒಂದು ಡಾಲರ್‌ಗೆ 161 ಯೆನ್ ದಾಟಿತು, 1986ರಿಂದೀಚೆಗೆ ಅಷ್ಟು ಕೆಳಗಿಳಿದದ್ದೇ ಇಲ್ಲ. ನೂರು ಯೆನ್‌ಗೆ ಬರೀ 52 ರೂಪಾಯಿ! ಅದೇ 50 ಸಾವಿರಕ್ಕೆ ಈಗ 96 ಸಾವಿರ ಯೆನ್ ಬೇಕು. ಸಂಬಳ ಏರಿದ್ದು ಎಷ್ಟು ಅಂತ ಕೇಳಬೇಡಿ.

ಬಂಟ್ವಾಳದ ನನ್ನ ಹಾಸ್ಟೆಲ್ ಗೆಳೆಯ ದುಬೈನಲ್ಲಿದ್ದಾನೆ. ಅಲ್ಲಿನ ದಿರ್ಹಮ್ ಅನ್ನು 1997ರಿಂದ ಡಾಲರ್‌ಗೆ ಗಂಟು ಹಾಕಿಟ್ಟಿದ್ದಾರೆ, ಡಾಲರ್‌ಗೆ 3.6725. ರೂಪಾಯಿ ಬಿದ್ದರೆ ಅವನಿಗೆ ಹಬ್ಬ. ‘ಆದ್ರೆ ಮಾರಾಯಾ, ಊರಲ್ಲಿ ಎಣ್ಣೆ ರೇಟೂ ಏರ್ತದೆ, ಅಮ್ಮ ಇನ್ನೂ ಸ್ವಲ್ಪ ಕಳಿಸು ಅಂತಾರೆ’ ಅಂತಾನೆ. ಅವನದು ಸಿಹಿ ಸಂಕಟ. ನನಗೆ ಆ ಸಿಹಿಯೂ ಇರಲಿಲ್ಲ.

ಮನೆಯಲ್ಲಿ ಹೇಳಲಿಲ್ಲ. ಮಧ್ಯಾಹ್ನಕ್ಕೆ ಡಬ್ಬಿ ಒಯ್ಯತೊಡಗಿದೆ. ಬೆಳಿಗ್ಗೆ ಎದ್ದ ಕೂಡಲೇ ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಯೆನ್ ರೇಟು ನೋಡುವ ಚಟ ಹತ್ತಿತು. 2024ರ ಆಗಸ್ಟ್ 5ರಂದು ಜಪಾನಿನ ಷೇರುಪೇಟೆ ಒಂದೇ ದಿನ 12 ಪರ್ಸೆಂಟ್ ಕುಸಿಯಿತು. ಇತ್ತ ಸೆನ್ಸೆಕ್ಸ್ ಕೂಡ ಎರಡು ಸಾವಿರಕ್ಕೂ ಹೆಚ್ಚು ಅಂಕ ಬಿತ್ತು. ಕೆಲವೇ ದಿನ ಮೊದಲು ಜಪಾನ್ ಬಡ್ಡಿ ಏರಿಸಿದ್ದರಿಂದ ಯೆನ್ ಮಾತ್ರ ಜಿಗಿದಿತ್ತು. ಆಫೀಸಿನಲ್ಲಿ ಸುತ್ತ ಎಲ್ಲರ ಮುಖವೂ ಸಪ್ಪೆ. ನಾನು ಮೆಟ್ಟಿಲ ಮೂಲೆಗೆ ಹೋಗಿ ಎರಡು ತಿಂಗಳ ದುಡ್ಡು ಒಟ್ಟಿಗೇ ಕಳಿಸಿದೆ. ಸುಮಾರು 20 ಸಾವಿರ ಯೆನ್ ಉಳಿಯಿತು. ಖುಷಿಪಟ್ಟೆ, ಸ್ವಲ್ಪ ನಾಚಿಕೆಯೂ ಆಯಿತು.

ಆದರೂ ದೀಪಾವಳಿಗೆ ಊರಿಗೆ ಹೋಗಲಾಗಲಿಲ್ಲ. ‘ರಜೆ ಸಿಗಲಿಲ್ಲ’ ಅಂತ ಸುಳ್ಳು ಹೇಳಿದೆ. ಅಪ್ಪ ಮೂವತ್ತು ವರ್ಷ ಬಸ್ ಕಂಡಕ್ಟರ್ ಆಗಿದ್ದವರು, ಚಿಲ್ಲರೆ ವಿಷಯದಲ್ಲಿ ಅವರಿಗೆ ಟೋಪಿ ಹಾಕುವುದು ಕಷ್ಟ. ತಂಗಿಯ ಮೊಬೈಲಿನಲ್ಲಿ ಹಳೇ ರೇಟು, ಹೊಸ ರೇಟು ಎರಡೂ ತೆಗೆಸಿ, ಲೆಕ್ಕ ಹಾಕಿ ಫೋನ್ ಮಾಡಿದರು.

‘ಎಷ್ಟು ದಿನದಿಂದ ಹಿಂಗೆ?’

‘ಎರಡು ವರ್ಷ ಆಯ್ತಪ್ಪ.’

ಸ್ವಲ್ಪ ಹೊತ್ತು ಮಾತಿಲ್ಲ. ಕೊನೆಗೆ ‘ನಾವು ರೂಪಾಯಿಲಿ ಕೇಳಿದ್ದೇ ತಪ್ಪಾಯ್ತು. ಇನ್ಮೇಲೆ 80 ಸಾವಿರ ಯೆನ್ ಅಂತ ಫಿಕ್ಸ್ ಮಾಡ್ಕೊ. ಇಲ್ಲಿಗೆ ಎಷ್ಟು ಬರುತ್ತೋ ಅಷ್ಟರಲ್ಲಿ ನಾವು ನೋಡ್ಕೋತೀವಿ’ ಅಂದರು. ಆಗಿನ ರೇಟಿಗೆ ಅದು 44 ಸಾವಿರ. ಕಂತು ಕಳೆದರೆ 13 ಸಾವಿರ, ಅದರ ಮೇಲೆ ಅಪ್ಪನ ಸಣ್ಣ ಪಿಂಚಣಿ. ಬೇಡ ಅಂತ ವಾದ ಮಾಡಿದೆ, ಫೋನ್ ಇಟ್ಟುಬಿಟ್ಟರು.

ಈಗ ಅಮ್ಮ ಡಾಲರ್ ವಿಷಯ ಎತ್ತುವುದಿಲ್ಲ. ಅಡುಗೆಮನೆ ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕ ಅಪ್ಪ ದಿನಾ ಯೆನ್ ರೇಟು ಬರೆಯುತ್ತಾರಂತೆ. ಕಳೆದ ವಾರ ತಂಗಿ ಅದರ ಫೋಟೋ ಕಳಿಸಿದ್ದಳು. ರೇಟು ಏರಿದ ದಿನಗಳಿಗೆಲ್ಲ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದರು.