ಮೂರು ನಂಬರು, ಒಂದು ವಿಮಾನ

ನಮ್ಮ ಮಾಮುವಿಗೆ ಬೆಂಗಳೂರಿನ ಶಿವಾಜಿನಗರದಲ್ಲಿ ಗುಜರಿ ಅಂಗಡಿಯಿತ್ತು. ಬೇಸಿಗೆ ರಜೆಯಲ್ಲಿ ಅಲ್ಲಿಗೆ ಹೋದರೆ ನಮಗೆ ಸಿಗುತ್ತಿದ್ದ ಕೆಲಸ ಒಂದೇ, ಮಾಲಿನ ಮೇಲಿದ್ದ ನಂಬರು ಓದಿ ಹೇಳುವುದು. ಮಾಮು ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿ, ಅದನ್ನು ತಮ್ಮ ದಪ್ಪ ರಿಜಿಸ್ಟರಿನಲ್ಲಿ ಉರ್ದುವಿನಲ್ಲಿ ಬರೆದುಕೊಳ್ಳುತ್ತಿದ್ದರು. ಹಳೆಯ ಮೋಟರು, ಹೊಲಿಗೆ ಯಂತ್ರ, ಮಿಲಿಟರಿ ಹರಾಜಿನಿಂದ ಬಂದ ಅಲ್ಯೂಮಿನಿಯಂ ತಗಡು, ಯಾವುದೇ ಇರಲಿ, ನಂಬರು ಬರೆಯದೆ ಕುಲುಮೆಗೆ ಕಳಿಸುತ್ತಿರಲಿಲ್ಲ. "ಹೇಗೂ ಕರಗಿಸೋದಲ್ವಾ ಮಾಮು, ಯಾಕೆ ಬರೀತೀರಿ?" ಎಂದು ಕೇಳಿದರೆ, "ನಂಬರಿಲ್ಲದ ಮಾಲು ಪೊಲೀಸರ ಕಣ್ಣಿಗೆ ಕದ್ದ ಮಾಲು, ಬೇಟಾ" ಎನ್ನುತ್ತಿದ್ದರು.

ಮಾಮು ಈಗಿಲ್ಲ, ಅಂಗಡಿಯೂ ಇಲ್ಲ. ಕಳೆದ ವರ್ಷ ಆ ಅಂಗಡಿಯನ್ನು ಕಥೆಯೊಂದಕ್ಕೆ ತರಬೇಕೆನಿಸಿ, ಸೇನೆಯ ಹಳೆಯ ವಿಮಾನಗಳು ಕೊನೆಗೆ ಎಲ್ಲಿಗೆ ಹೋದವೆಂದು ಹುಡುಕಿ ಓದತೊಡಗಿದೆವು. ಕಥೆ ಅರ್ಧಕ್ಕೇ ನಿಂತಿತು. ಓದು ಮಾತ್ರ ನಮ್ಮನ್ನು ಜಾಲಹಳ್ಳಿಯ ಒಂದು ಸ್ಪಿಟ್‌ಫೈರ್ ವಿಮಾನದ ಬಳಿಗೆ ಕರೆದೊಯ್ದಿತು.

ಎರಡನೇ ಮಹಾಯುದ್ಧ ಮುಗಿದಾಗ ಬ್ರಿಟಿಷರ ನೂರಾರು ಯುದ್ಧವಿಮಾನಗಳು ಭಾರತದಲ್ಲಿದ್ದವು. 1947ರಲ್ಲಿ ನೆಲ ಹಂಚಿದಂತೆ ವಾಯುಪಡೆಯನ್ನೂ ಹಂಚಿದರು. ಒಂದೇ ಕಾರ್ಖಾನೆಯಿಂದ ಹೊರಬಂದ ಟೆಂಪೆಸ್ಟ್ ವಿಮಾನಗಳಲ್ಲಿ ಕೆಲವು ಭಾರತದ ಪಾಲಿಗೆ ಬಂದವು, ಕೆಲವು ಪಾಕಿಸ್ತಾನದ ಪಾಲಿಗೆ ಹೋದವು. 1947-48ರ ಕಾಶ್ಮೀರ ಯುದ್ಧದಲ್ಲಿ ನಮ್ಮ ಟೆಂಪೆಸ್ಟ್‌ಗಳೂ ಸ್ಪಿಟ್‌ಫೈರ್‌ಗಳೂ ಹಾರಿದವು. ಆದರೆ 1948ರಲ್ಲೇ ವ್ಯಾಂಪೈರ್ ಎಂಬ ಜೆಟ್ ವಿಮಾನ ಬಂದಾಗಿತ್ತು. ಕೆಲವೇ ವರ್ಷಗಳಲ್ಲಿ ಈ ಪ್ರೊಪೆಲ್ಲರ್ ವಿಮಾನಗಳು ಬೇಡದ ಮಾಲಾದವು. ಹೆಚ್ಚಿನವು ಗುಜರಿಗೆ ಹೋಗಿ ಕರಗಿದವು. ನಮ್ಮೂರಿನ ಅಡುಗೆಮನೆಗಳ ಎಷ್ಟು ಪಾತ್ರೆಗಳು ಒಂದು ಕಾಲಕ್ಕೆ ಆಕಾಶದಲ್ಲಿದ್ದವೋ! ಉಳಿದವುಗಳಲ್ಲಿ ಕೆಲವು ಗುರಿಯಭ್ಯಾಸದ ಮೈದಾನದಲ್ಲಿ ಬಿಸಿಲು ಮಳೆ ತಿಂದವು, ಕೆಲವು ಸೇನಾ ಸಂಸ್ಥೆಗಳ ಬಾಗಿಲಲ್ಲಿ ಅಲಂಕಾರಕ್ಕೆ ನಿಂತವು. ಇನ್ನು ಕೆಲವು ಹುಡುಗರು ಬಿಚ್ಚಿ ಜೋಡಿಸಿ ಕಲಿಯಲೆಂದು ತರಬೇತಿ ಕಾಲೇಜು ಸೇರಿದವು.

ಎಂವಿ 293 ಎಂಬ ಸ್ಪಿಟ್‌ಫೈರ್ ಈ ಕೊನೆಯ ಗುಂಪಿಗೆ ಸೇರಿದ್ದು. ಇಂಗ್ಲೆಂಡಿನಲ್ಲಿ ಯುದ್ಧದ ಕಾಲದಲ್ಲಿ ಹುಟ್ಟಿ, ಭಾರತಕ್ಕೆ ಬಂದು, ಕೊನೆಗೆ ಜಾಲಹಳ್ಳಿಯ ವಾಯುಪಡೆಯ ತಾಂತ್ರಿಕ ಕಾಲೇಜಿನಲ್ಲಿ ಪಾಠದ ವಸ್ತುವಾಗಿ ನಿಂತಿತ್ತು. ಇತ್ತ ಪಶ್ಚಿಮದ ದೇಶಗಳಲ್ಲಿ ಹಳೆಯ ಯುದ್ಧವಿಮಾನಗಳನ್ನು ದುರಸ್ತಿ ಮಾಡಿ ಹಾರಿಸುವ ಹುಚ್ಚು ಹೆಚ್ಚಿತ್ತು. ಆರ್ಮಂಡ್ ಹೇಡನ್-ಬೇಲಿ ಎಂಬ ಪೈಲಟ್ ಭಾರತದಲ್ಲಿ ಉಳಿದಿದ್ದ ಸ್ಪಿಟ್‌ಫೈರ್‌ಗಳನ್ನು ಪತ್ತೆ ಹಚ್ಚಿ ಕೊಂಡರು. ಅವು ಹಾರುವುದನ್ನು ನೋಡುವ ಭಾಗ್ಯ ಅವರಿಗಿರಲಿಲ್ಲ. 1977ರ ಜುಲೈನಲ್ಲಿ ಜರ್ಮನಿಯಲ್ಲಿ ತಮ್ಮ ಮಸ್ಟಾಂಗ್ ವಿಮಾನ ಬಿದ್ದು ತೀರಿಕೊಂಡರು. ಅವರು ಕೊಂಡ ವಿಮಾನಗಳು ಆಮೇಲೆ ಇಂಗ್ಲೆಂಡಿಗೆ ಹೋದವು, ಜಾಲಹಳ್ಳಿಯದ್ದೂ ಹೋಯಿತು. ಅದೇ ದಶಕದ ಕೊನೆಯಲ್ಲಿ ಟೆಂಪೆಸ್ಟ್‌ಗಳೂ ಟೆಂಡರಿನಲ್ಲಿ ಮಾರಾಟವಾಗಿ ಹಡಗು ಹತ್ತಿದವು.

ನಮ್ಮ ಗಮನ ಸೆಳೆದದ್ದು ಮುಂದಿನ ಕೆಲಸ. ಬಂದ ವಿಮಾನ ಯಾವುದು? ಲಂಡನ್ನಿನ ವಾಯುಪಡೆ ಸಂಗ್ರಹಾಲಯದ ಟೆಂಪೆಸ್ಟ್ ಒಂದಕ್ಕೆ ಬ್ರಿಟನ್ನಿನಲ್ಲಿ ಪಿಆರ್ 536 ಎಂಬ ಹೆಸರು, ಭಾರತದಲ್ಲಿ ಎಚ್‌ಎ 457. ತರಬೇತಿಗೆ ಬಿಟ್ಟ ವಿಮಾನಕ್ಕೆ ಮತ್ತೊಂದು ನಂಬರು ಕೊಡುವುದೂ ಇತ್ತು. ಮೇಲಿಂದ ಮೇಲೆ ಬಣ್ಣ ಬಳಿದಾಗ ಹಳೆಯದು ಕೆಳಗೆ ಹೂತುಹೋಗುತ್ತದೆ. ಒಂದರ ರೆಕ್ಕೆ ಇನ್ನೊಂದಕ್ಕೆ, ಅದರ ಬಾಲ ಮತ್ತೊಂದಕ್ಕೆ ಹೋಗಿರುತ್ತದೆ. ಹೀಗಾಗಿ ಸಂಶೋಧಕರು ಬಣ್ಣವನ್ನು ಪದರು ಪದರಾಗಿ ಕೆರೆಯುತ್ತಾರೆ. ತಯಾರಕರ ತಗಡಿನ ಪಟ್ಟಿ, ಬಿಡಿಭಾಗಗಳ ಮೇಲೆ ಒತ್ತಿದ ಮುದ್ರೆ, ವಿಮಾನ ಯಾವ ದಿನ ಎಲ್ಲಿಗೆ ಹೋಯಿತೆಂದು ಬರೆದ ಕಾರ್ಡು, ಹಳೆಯ ಫೋಟೋ, ಎಲ್ಲವನ್ನೂ ಒಂದರ ಪಕ್ಕ ಒಂದಿಟ್ಟು ತಾಳೆ ನೋಡುತ್ತಾರೆ. ಮೋಸವೂ ಇಲ್ಲದಿಲ್ಲ. ಗುರುತಿನ ತಗಡೊಂದಕ್ಕೇ ಬೆಲೆ ಬರುವುದರಿಂದ, ಅದೊಂದನ್ನು ಇಟ್ಟುಕೊಂಡು ಸುತ್ತ ಹೊಸ ವಿಮಾನ ಕಟ್ಟಿದರೆ ಅದು ಅಸಲೋ ನಕಲೋ ಎಂಬ ಜಗಳ ಏಳುತ್ತದೆ.

ಜಾಲಹಳ್ಳಿಯ ವಿಮಾನ 1992ರಲ್ಲಿ ಮತ್ತೆ ಹಾರಿತು. ಹಾರಿದ್ದು ಮಾತ್ರ ಇನ್ನೊಂದರ ವೇಷದಲ್ಲಿ. ಯುದ್ಧಕಾಲದ ಪ್ರಸಿದ್ಧ ಪೈಲಟ್ ಜಾನಿ ಜಾನ್ಸನ್ ಅವರ ಗೌರವಕ್ಕೆಂದು ಅವರ ವಿಮಾನದ ಎಂವಿ 268 ಎಂಬ ನಂಬರನ್ನು ಅದರ ಮೈಮೇಲೆ ಬರೆದರು. ಪ್ರದರ್ಶನಕ್ಕೆ ಬಂದ ಸಾವಿರಾರು ಜನ ಆ ನಂಬರನ್ನೇ ಓದಿದರು. ಬಲ್ಲವರಿಗೆ ಮಾತ್ರ ಅದರೊಳಗೆ ಜಾಲಹಳ್ಳಿಯಿತ್ತು.

ಇದನ್ನೆಲ್ಲ ಓದುತ್ತಿದ್ದ ದಿನಗಳಲ್ಲೇ ನಾವು ಅಮ್ಮಿಯ ಕುಟುಂಬ ಪಿಂಚಣಿಗಾಗಿ ಕಛೇರಿಯೊಂದಕ್ಕೆ ಅಲೆಯುತ್ತಿದ್ದೆವು. ಅಬ್ಬಾ ಉರ್ದು ಶಾಲೆಯ ಮೇಷ್ಟರಾಗಿದ್ದವರು. ಅವರ ಸೇವಾ ಪುಸ್ತಕದಲ್ಲಿ ಅಮ್ಮಿಯ ಹೆಸರು ಜೈನಬ್ ಬೀ. ರೇಷನ್ ಕಾರ್ಡಿನಲ್ಲಿ ಜೈನಾಬಿ. ಬ್ಯಾಂಕಿನ ಪುಸ್ತಕದಲ್ಲಿ ಜೈನಬ್ ಬೇಗಂ. ಉರ್ದುವಿನಲ್ಲಿ ಬರೆದ ಹೆಸರನ್ನು ಕನ್ನಡದ ಗುಮಾಸ್ತರೊಬ್ಬರು ಕಿವಿಗೆ ಕೇಳಿದಂತೆ ಬರೆದಿದ್ದರು, ಅದನ್ನು ಇನ್ನೊಬ್ಬರು ಇಂಗ್ಲಿಷಿಗೆ ಇಳಿಸಿದ್ದರು, ಮತ್ತೊಬ್ಬರು ಮರ್ಯಾದೆಗೆಂದು 'ಬೇಗಂ' ಸೇರಿಸಿದ್ದರು. ಮೇಜಿನ ಆಚೆಗಿದ್ದವರು ಮೂರೂ ಕಾಗದ ಹರಡಿ, "ಇಲ್ಲಿ ಮೂರು ಜನ ಇದ್ದಾರಲ್ರೀ" ಎಂದರು. ಅಮ್ಮಿ ಪಕ್ಕದ ಬೆಂಚಿನಲ್ಲಿ ಒಬ್ಬರೇ ಕೂತಿದ್ದರು.

ಅವರನ್ನು ಬೈಯಲು ನಮಗೆ ಮನಸ್ಸಾಗಲಿಲ್ಲ. ಸುಳ್ಳು ಹೆಸರಿನಲ್ಲಿ ಪಿಂಚಣಿ ತಿನ್ನುವವರೂ ಇದ್ದಾರೆ, ಸುಳ್ಳು ತಗಡಿನಿಂದ ವಿಮಾನ ಕಟ್ಟುವವರಂತೆ. ಪರೀಕ್ಷೆ ಬೇಕು. ಆದರೆ ವಿಮಾನ ಹುಡುಕುವವರು ಬೇರೆ ಬೇರೆ ನಂಬರು ಕಂಡಾಗ, ಇದು ಯಾವ ದಾರಿಯಲ್ಲಿ, ಯಾರ ಕೈ ದಾಟಿ ಬಂದಿರಬಹುದು ಎಂದು ಕೇಳುತ್ತಾರೆ. ಹೊಂದದ ನಂಬರೇ ಅವರಿಗೆ ಅದರ ಚರಿತ್ರೆ. ಮೇಜಿನ ಆಚೆಗಿದ್ದವರಿಗೆ ಹೊಂದದ ಅಕ್ಷರ ಬರೀ ತಪ್ಪು. ಆ ತಪ್ಪು ಮಾಡಿದ ಕೈಗಳೆಲ್ಲ ಕಛೇರಿಗಳವೇ ಆಗಿದ್ದರೂ, ಸರಿಪಡಿಸುವ ಹೊಣೆ ಎಪ್ಪತ್ತು ದಾಟಿದ ಅಮ್ಮಿಯದು. ಬರೀ ಲೋಹಕ್ಕೆ ಸಿಗುವ ತಾಳ್ಮೆ ಜೀವಂತ ಮನುಷ್ಯಳಿಗೆ ಯಾಕೆ ಸಿಗುವುದಿಲ್ಲ ಎಂಬ ಪ್ರಶ್ನೆ ನಮ್ಮನ್ನು ಇನ್ನೂ ಬಿಟ್ಟಿಲ್ಲ.

ಕೊನೆಗೆ ನೋಟರಿಯ ಹತ್ತಿರ ಹೋಗಿ, ಈ ಮೂರೂ ಹೆಸರಿನ ವ್ಯಕ್ತಿ ಒಬ್ಬರೇ ಎಂದು ಅಫಿಡವಿಟ್ಟು ಮಾಡಿಸಿದೆವು. ಜೊತೆಗೆ ಅಬ್ಬಾರ ಸೇವಾ ಪುಸ್ತಕದ ಪ್ರತಿ, ಹಳೆಯ ಶಾಲಾ ದಾಖಲೆ, ನಿಕಾಹ್‌ನಾಮಾ, ಸಿಕ್ಕಿದ್ದನ್ನೆಲ್ಲ ಒಂದರ ಪಕ್ಕ ಒಂದಿಟ್ಟೆವು. ರುಜು ಹಾಕುವಾಗ ಅಮ್ಮಿ ಪೆನ್ನು ಹಿಡಿದು ತುಸು ಹೊತ್ತು ಸುಮ್ಮನೆ ಕೂತರು.

"ಇದರಲ್ಲಿ ಯಾವ ಹೆಸರು ಬರೀಲಿ?" ಎಂದು ಕೇಳಿದರು.

"ನಿಮ್ಮದು ಯಾವುದೋ ಅದನ್ನೇ ಬರೀರಿ ಅಮ್ಮಿ" ಎಂದೆವು.

ಅಮ್ಮಿ ಬಲದಿಂದ ಎಡಕ್ಕೆ, ನಿಧಾನವಾಗಿ, ಬರೀ 'ಜೈನಬ್' ಎಂದು ಉರ್ದುವಿನಲ್ಲಿ ಬರೆದರು. ನೋಟರಿ ಅದನ್ನು ನೋಡಿ, ತಮಗೆ ಓದಲು ಬಾರದ ಆ ರುಜುವಿನ ಪಕ್ಕದಲ್ಲಿ ಮೊಹರು ಒತ್ತಿದರು. ಅರ್ಜಿ ಕೊಟ್ಟು ಬಂದಿದ್ದೇವೆ. ಅರ್ಜಿಯ ನಂಬರನ್ನು ಮಾಮುವಿನಂತೆ ನಾವೂ ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡಿದ್ದೇವೆ.