ಸನ್ನದ್ಧತೆ ಮತ್ತು ಒಂದು ನೀಲಿ ಕಡತ

ಈ ದೀಪಾವಳಿಗೆ ದೋಹಾದಿಂದ ದೆಹಲಿಯ ನಮ್ಮ ಮನೆಗೆ ಬಂದ ತಂಗಿಯ ಕೈಚೀಲದಲ್ಲಿ ಒಂದು ನೀಲಿ ಕಡತವಿತ್ತು. ಮೂವರ ಪಾಸ್‌ಪೋರ್ಟು, ಮಗಳ ಜನನ ಪ್ರಮಾಣಪತ್ರ, ಭಾವನ ನೌಕರಿಯ ಕರಾರು, ಬ್ಯಾಂಕಿನ ಕಾಗದಗಳು, ಒಡವೆಯ ರಸೀದಿಗಳು. ಹಬ್ಬಕ್ಕೆ ಬರುವಾಗ ಇಷ್ಟನ್ನೂ ಏಕೆ ಹೊತ್ತು ತಂದೆ ಎಂದು ಕೇಳಿದೆವು. "ಜೂನ್ ತಿಂಗಳಿನಿಂದ ಇದು ಬಾಗಿಲ ಬಳಿಯೇ ಇರುತ್ತದೆ ಅಣ್ಣ. ಎಲ್ಲಿಗೆ ಹೊರಟರೂ ತಾನಾಗಿ ಕೈಗೆ ಬರುತ್ತದೆ" ಎಂದಳು. ಕಡತಗಳ ನಡುವೆಯೇ ಇಪ್ಪತ್ತು ವರ್ಷ ಸವೆಸಿದ ನಮಗೆ, ಕಡತವೊಂದನ್ನು ಕಂಡು ಎದೆ ಭಾರವಾದದ್ದು ಅದೇ ಮೊದಲು.

2025ರ ಜೂನ್ 23ರ ರಾತ್ರಿಯನ್ನು ನಾವು ಮರೆತಿಲ್ಲ. ಇರಾನಿನ ಅಣುಕೇಂದ್ರಗಳ ಮೇಲೆ ಅಮೆರಿಕ ಬಾಂಬು ಹಾಕಿದ ಮರುದಿನ ಅದು. ಕತಾರಿನಲ್ಲಿರುವ ಅಮೆರಿಕದ ಅಲ್ ಉದೈದ್ ನೆಲೆಯತ್ತ ಇರಾನ್ ಕ್ಷಿಪಣಿಗಳನ್ನು ಹಾರಿಸಿತು. ಇಲ್ಲಿ ಗಂಟೆ ಹತ್ತು ದಾಟಿತ್ತು. ತಂಗಿ ಮಾತನಾಡುತ್ತಿದ್ದಂತೆಯೇ ಕಿಟಕಿಯ ಗಾಜು ಅದುರಿದ ಸದ್ದು ಫೋನಿನಲ್ಲಿ ನಮಗೂ ಕೇಳಿಸಿತು. "ಕಿಟಕಿಯಿಂದ ದೂರ ಇರು" ಎನ್ನುವುದರ ಹೊರತು ನಮಗೆ ಬೇರೆ ಮಾತು ಹೊಳೆಯಲಿಲ್ಲ. ಬಹುತೇಕ ಕ್ಷಿಪಣಿಗಳನ್ನು ಆಕಾಶದಲ್ಲಿಯೇ ತಡೆದರು, ಜೀವಹಾನಿಯಾಗಲಿಲ್ಲ. ಇಂಗ್ಲಿಷ್ ಎಂ.ಎ. ಓದುವಾಗ ಮೊದಲ ಮಹಾಯುದ್ಧದ ಕವಿಗಳ ಬಗ್ಗೆ ಪುಟಗಟ್ಟಲೆ ಉತ್ತರ ಬರೆದಿದ್ದೆವು. ಕಂದಕದಲ್ಲಿ ನಿಂತವರ ಭಯ ಆ ಪಠ್ಯದಲ್ಲಿತ್ತು. ಫೋನು ಹಿಡಿದು ದೂರದಲ್ಲಿ ಕುಳಿತವರ ಭಯ ನಮಗೆ ಆ ರಾತ್ರಿಯ ಪಾಠ.

ಸೆಪ್ಟೆಂಬರ್ 9ರಂದು ಇಸ್ರೇಲ್ ದೋಹಾ ನಗರದ ಮೇಲೆಯೇ ದಾಳಿ ಮಾಡಿತು. ಒಂದೇ ವಾರದಲ್ಲಿ ಅರಬ್ ಮತ್ತು ಇಸ್ಲಾಮಿಕ್ ರಾಷ್ಟ್ರಗಳ ನಾಯಕರು ಅಲ್ಲಿ ಸೇರಿದರು. ಸೌದಿ ಅರೇಬಿಯಾ ಪಾಕಿಸ್ತಾನದೊಡನೆ ರಕ್ಷಣಾ ಒಪ್ಪಂದಕ್ಕೆ ಸಹಿ ಹಾಕಿತು. ಕೊಲ್ಲಿಯ ಆರು ರಾಷ್ಟ್ರಗಳು ಗುಪ್ತಚರ ಮಾಹಿತಿಯ ಹಂಚಿಕೆ, ಕ್ಷಿಪಣಿಗಳ ಮುನ್ನೆಚ್ಚರಿಕೆ, ಜಂಟಿ ಸಮರಾಭ್ಯಾಸಗಳ ಮಾತನಾಡಿದವು.

ಈ ಸಿದ್ಧತೆ ನಿನ್ನೆ ಮೊನ್ನೆಯದಲ್ಲ. 1981ರಲ್ಲಿ ಸಹಕಾರ ಮಂಡಳಿಯನ್ನು ಕಟ್ಟಿಕೊಂಡ ಈ ರಾಷ್ಟ್ರಗಳು 'ಪರ್ಯಾಯದ್ವೀಪದ ಗುರಾಣಿ' ಎಂಬ ಜಂಟಿ ಪಡೆಯನ್ನೂ ಕಟ್ಟಿದವು. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ನುಂಗಿದಾಗ ಆ ಗುರಾಣಿ ಅಡ್ಡ ಬರಲಿಲ್ಲ. ಅಲ್ಲಿಂದಾಚೆಗೆ ಪೇಟ್ರಿಯಟ್, ಥಾಡ್‌ನಂತಹ ಕ್ಷಿಪಣಿ ನಿರೋಧಕಗಳು ಬಂದವು. ಹೋರ್ಮುಜ್ ಜಲಸಂಧಿ ಮುಚ್ಚಿದರೂ ತೈಲ ಹೊರಹೋಗಲೆಂದು ಸೌದಿಯವರು ಕೆಂಪು ಸಮುದ್ರದವರೆಗೆ, ಎಮಿರೇಟ್ಸ್‌ನವರು ಫುಜೈರಾದವರೆಗೆ ಕೊಳವೆಮಾರ್ಗ ಎಳೆದಿದ್ದಾರೆ. ಸಮುದ್ರದ ನೀರನ್ನು ಸಿಹಿಗೊಳಿಸಿ ಕುಡಿಯುವ ಕತಾರ್, ದಿನಗಟ್ಟಲೆ ಸಾಲುವಷ್ಟು ನೀರನ್ನು ಬೃಹತ್ ಜಲಾಗಾರಗಳಲ್ಲಿ ಕೂಡಿಟ್ಟಿದೆ. 2014ರಲ್ಲಿ ಕತಾರ್ ಮತ್ತು ಎಮಿರೇಟ್ಸ್ ತಮ್ಮ ಯುವಕರಿಗೆ ಸೇನಾಸೇವೆಯನ್ನು ಕಡ್ಡಾಯ ಮಾಡಿದವು.

ಆದರೆ ಆ ಎರಡು ದೇಶಗಳಲ್ಲಿ ಹತ್ತು ಮಂದಿಯಲ್ಲಿ ಸುಮಾರು ಒಂಬತ್ತು ಮಂದಿ ಆ ನಾಡಿನ ಪ್ರಜೆಗಳೇ ಅಲ್ಲ. ಕೋವಿ ಹಿಡಿಯುವ ಕರ್ತವ್ಯವೂ ಅವರದಲ್ಲ, ಯುದ್ಧವೋ ಸಂಧಿಯೋ ಎಂದು ನಿರ್ಧರಿಸುವ ಹಕ್ಕೂ ಅವರದಲ್ಲ. 2022ರ ಜನವರಿ 17ರಂದು ಯೆಮೆನಿನ ಹೂತಿಗಳು ಅಬುಧಾಬಿಯ ಮೇಲೆ ನಡೆಸಿದ ದಾಳಿಯಲ್ಲಿ ಸತ್ತವರು ಮೂವರು: ಇಬ್ಬರು ಭಾರತೀಯರು, ಒಬ್ಬ ಪಾಕಿಸ್ತಾನಿ. ತಮ್ಮದಲ್ಲದ ಜಗಳದಲ್ಲಿ, ದುಡಿಯುವ ಜಾಗದಲ್ಲಿ ಸತ್ತರು. ರಾಷ್ಟ್ರಗಳ ಸನ್ನದ್ಧತೆಯ ಲೆಕ್ಕದಲ್ಲಿ ಇಂಥವರಿಗೆ ಯಾವ ಸ್ಥಾನವಿದೆ?

1990ರಲ್ಲಿ ನಮ್ಮ ಸೋದರಮಾವ ಕುವೈತಿನಿಂದ ಅಮ್ಮಾನ್ ತಲುಪಿ, ಏರ್ ಇಂಡಿಯಾ ವಿಮಾನವೇರಿ ಮುಂಬಯಿಗೆ ಬಂದಿಳಿದರು. ಅಂದು ಹಾಗೆ ಮರಳಿದವರು ಸುಮಾರು 1.7 ಲಕ್ಷ ಮಂದಿ. ಮಾವ ಹನ್ನೊಂದು ವರ್ಷದ ಗಳಿಕೆಯನ್ನು ಬಿಟ್ಟು ಬಂದಿದ್ದರು. ನೌಕರಿಯ ಪತ್ರವೊಂದನ್ನು ಮಾತ್ರ ಅಂಗಿಯೊಳಗೆ ಇಟ್ಟುಕೊಂಡಿದ್ದರು. ವರ್ಷಗಳ ಬಳಿಕ ವಿಶ್ವಸಂಸ್ಥೆಯ ಪರಿಹಾರ ಆಯೋಗದಿಂದ ಒಂದಿಷ್ಟು ಹಣ ಬಂದದ್ದು ಆ ಪತ್ರದ ಬಲದಿಂದ. "ಕಾಗದ ಜೋಪಾನ" ಎಂದು ಅವರು ಕೊನೆಯವರೆಗೂ ಹೇಳುತ್ತಿದ್ದರು. ತಂಗಿಯ ನೀಲಿ ಕಡತ ಅಲ್ಲಿಂದ ಬಂದದ್ದು.

ಹಬ್ಬದ ಮರುದಿನ ರಾತ್ರಿ ನಾವು ತಡೆಯಲಾರದೆ ಹೇಳಿದೆವು: "ಸಾಕು, ಮಗುವನ್ನು ಕರೆದುಕೊಂಡು ಇಲ್ಲೇ ಇದ್ದುಬಿಡು. ಭಾವನೂ ಬರಲಿ." ಅವಳು ಸಿಟ್ಟಾಗಲಿಲ್ಲ. "ಕುಂದಾಪುರದ ಮನೆಯ ಸಾಲ ಇನ್ನೂ ಆರು ವರ್ಷ ಇದೆ. ಅಮ್ಮನ ಡಯಾಲಿಸಿಸ್ ವಾರಕ್ಕೆ ಮೂರು ಸಲ. ಹೇಳು ಅಣ್ಣ, ಹೇಗೆ ಬರಲಿ?" ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆ ಖರ್ಚಿನ ಬಹುಪಾಲು ದೋಹಾದಿಂದ ಬರುತ್ತದೆ. ನಮ್ಮ ಸಂಬಳದಿಂದ ಹೋಗುವುದು ಅಲ್ಪ. ಬುದ್ಧಿ ಹೇಳುವ ಅಧಿಕಾರವನ್ನು ಮಾತ್ರ ನಾವು ಇಟ್ಟುಕೊಂಡಿದ್ದೆವು. ಅಮ್ಮ ಮಲಗುವ ಸೂರನ್ನೂ ಆ ಮರಳುಗಾಡಿನ ಕ್ಷಿಪಣಿ ನಿರೋಧಕಗಳೇ ಕಾಯುತ್ತಿವೆ ಎಂಬುದು ಆ ಗಳಿಗೆಯಲ್ಲಿ ಅರಿವಾಯಿತು.

ಅವಳು ಹೊರಡುವ ಹಿಂದಿನ ದಿನ ಎಲ್ಲ ಕಾಗದಗಳ ಜೆರಾಕ್ಸ್ ಪ್ರತಿ ತೆಗೆಸಿ ನಮ್ಮ ಬೀರುವಿನಲ್ಲಿ ಇರಿಸಿಕೊಂಡೆವು. ಅಮ್ಮನ ಆಸ್ಪತ್ರೆಯ ಖರ್ಚಿನಲ್ಲಿ ಅರ್ಧದಷ್ಟನ್ನು ಮುಂದಿನ ತಿಂಗಳಿನಿಂದ ನಾವು ಕಳುಹಿಸುವುದೆಂದು ಮನೆಯಲ್ಲಿ ತೀರ್ಮಾನವಾಗಿದೆ. ನಮ್ಮಿಂದಾದ ಸಿದ್ಧತೆ ಸದ್ಯಕ್ಕೆ ಇಷ್ಟೇ.