ಏನು ಹೊರತಿ, ಎಷ್ಟು ಹೊರತಿ

ಬೆಳಗಾವಿ
ಗುರುವಾರ ರಾತ್ರಿ

ಪ್ರೀತಿಯ ತಮ್ಮಾ,

ಅವ್ವ ಫೋನ್ ಮಾಡಿದ್ಲು. ಕಣಕುಂಬಿಯೊಳಗ ನಾಕು ದಿನದಿಂದ ಮಳಿ ಬಿಟ್ಟಿಲ್ಲಂತ, ನೀನೂ ಹಾಸಿಗಿ ಬಿಟ್ಟಿಲ್ಲಂತ. ಆದ್ರೂ ಸೋಮವಾರ ಉದ್ಯಮಬಾಗದ ಫೌಂಡ್ರಿ ಡ್ಯೂಟಿಗೆ ಹೋಗೇ ಹೋಗ್ತೀನಿ ಅಂತ ಹಟ ಹಿಡಿದೀಯಂತ. ಎರಡೂ ಬ್ಯಾಡ. ಫೋನಿನ್ಯಾಗ ಹೇಳಿದ್ರ "ಹೂಂ ಅಕ್ಕಾ" ಅಂದು ಇಟ್ಟುಬಿಡ್ತಿ, ಅದಕ್ಕ ಬರೀತೀನಿ.

ನಿನ್ನ ಸೊಂಟದ ಎಲುಬಿಗೆ, ನರಕ್ಕ ಏನೂ ಆಗಿಲ್ಲ, ಸ್ನಾಯು ಹಿಡಿದೈತಿ ಅಂತ ಡಾಕ್ಟರು ಹೇಳ್ಯಾರ. ಇಂಥ ನೋವಿಗೆ ಮಲಗೋದು ಮದ್ದಲ್ಲ. ಮಲಗಿದಷ್ಟೂ ಸ್ನಾಯು ಸೊರಗತಾವ, ಅಂಜಿಕಿ ಬೆಳೀತೈತಿ. ಮಳಿ ನಿಂತಾಗ ಮಲಪ್ರಭಾ ಹುಟ್ಟೋ ಜಾಗದತನಕ ಮೆಲ್ಲಗ ನಡಕೋತ ಹೋಗಿ ಬಾ. ಮೊದಲ ದಿನ ಹತ್ತು ನಿಮಿಷ, ಎರಡು ದಿನ ಬಿಟ್ಟು ಹದಿನೈದು. ತುಸು ನೋವಾದ್ರ ಅಂಜಬ್ಯಾಡ. ಆದ್ರ ಕಾಲಾಗ ಶಕ್ತಿ ಕುಂದಿದ್ರ, ತೊಡಿ ಸಂದಿನ್ಯಾಗ ಜೋಮು ಹಿಡಿದ್ರ, ಒಂದಕ್ಕ-ಎರಡಕ್ಕ ಹಿಡಿತ ತಪ್ಪಿದ್ರ, ಒಂದು ತಾಸೂ ಕಾಯದ ದವಾಖಾನಿಗೆ ಬಾ.

ಇನ್ನ ಡ್ಯೂಟಿ. ಫಿಸಿಯೋಥೆರಪಿ ಕಲಿತ ಹೊಸದಾಗ ನಾನು ಬರೇ ಸೊಂಟ ನೋಡ್ತಿದ್ದೆ. ಫೌಂಡ್ರಿಯವರು ಬರ್ತಿದ್ರು, ಕಾವು ಕೊಟ್ಟು, ವ್ಯಾಯಾಮ ಕಲಿಸಿ ಕಳಸ್ತಿದ್ದೆ. ಮೂರು ತಿಂಗಳಿಗೆ ಅದ ಮಂದಿ, ಅದ ಸೊಂಟ. ಒಂದಿನ ಒಬ್ಬರು ಕೆಲಸ ಮಾಡೋ ಜಾಗಕ್ಕ ಹೋಗಿ ನಿಂತು ನೋಡಿದೆ. ಮೋಲ್ಡ್ ಬಾಕ್ಸ್ ನೆಲದ ಮ್ಯಾಲ. ಬಗ್ಗಿ ಎತ್ತಬೇಕು, ಎತ್ತಿಕೊಂಡ ತಿರುಗಬೇಕು. ಬೆನ್ನು ಭಾಳ ನೋಯೋದು ಅವೆರಡೂ ಒಮ್ಮೆಲೇ ಆದಾಗ. ನಾನು ಗುಣ ಮಾಡಿ ಕಳಿಸಿದ್ದನ್ನ ಆ ನೆಲ ದಿನಾ ಕೆಡಸ್ತಿತ್ತು. ಬೇಕಾಗಿದ್ದು ಇಷ್ಟ: ಬಾಕ್ಸ್ ಇಡಾಕ ಮೊಣಕಾಲಿಗಿಂತ ಎತ್ತರದ ಸ್ಟ್ಯಾಂಡು, ಒಂದು ಟ್ರಾಲಿ, ಭಾರ ಇದ್ದದ್ದಕ್ಕ ಇಬ್ಬರು. ನಡುವಿಗೆ ಬೆಲ್ಟ್ ಕಟ್ಟೋದಕ್ಕಿಂತ ಇದು ದೊಡ್ಡ ಔಷಧ.

ಗ್ರೈಂಡರ್ ಹಿಡಿಯೋ ನಿನ್ನ ಗೆಳೆಯಗ ಥಂಡಿಯೊಳಗ ಬೆರಳು ಬೆಳ್ಳಗಾಗತಾವ ಅಂದಿದ್ದಿ. ಅದು ಥಂಡಿ ತಪ್ಪಷ್ಟ ಅಲ್ಲ. ಮಷೀನಿನ ನಡುಕ ರಕ್ತನಾಳ, ನರ ಕೆಡಸತೈತಿ. ಅವನ್ನೂ ಕರಕೊಂಡು ಬಾ, ತಡಾ ಮಾಡಿದ್ರ ಬೆರಳು ಮೊದಲಿನಂಗ ಆಗದೇ ಇರಬಹುದು.

ರೊಕ್ಕದ ಚಿಂತಿಗೆ ಓಡಬ್ಯಾಡ. ನಿನ್ನ ಪಗಾರದಾಗ ನೂರಕ್ಕ 75 ಪೈಸೆ ಇಎಸ್ಐಗೆ ಕಟ್ ಆಗತೈತಿ, ಮಾಲಕರು 3.25 ರೂಪಾಯಿ ತುಂಬತಾರ. ಅದು ಇಂಥ ದಿನಕ್ಕಂತನ ಇಟ್ಟಿದ್ದು. ಕೆಲಸದಾಗ ಪೆಟ್ಟಾಗಿದ್ರ, ಇಎಸ್ಐ ಡಾಕ್ಟರು ರಜಾ ಬರೆದ ದಿನಗಳಿಗೆ ಪಗಾರದ ಸುಮಾರು ಶೇಕಡಾ 90 ಸಿಗತೈತಿ. ಪೆಟ್ಟಾದದ್ದನ್ನ ಅಪಘಾತದ ಪುಸ್ತಕದಾಗ ಬರೆಸಿದಿ ಇಲ್ಲೋ?

ಸೋಮವಾರ ಫೌಂಡ್ರಿಗಲ್ಲ, ನನ್ನ ಹತ್ರ ಬಾ. ಪೆಟಗಿಯೊಳಗ ಉಸುಕು ತುಂಬಿ, ಐದು ಕಿಲೋದಿಂದ ಎತ್ತೋದು ಕಲಸ್ತೀನಿ. ಆಮ್ಯಾಲ ಎಷ್ಟು ತಾಸು, ಎಂಥ ಕೆಲಸ ಅನ್ನೋದನ್ನ ನಿಮ್ಮ ಸೂಪರ್‌ವೈಸರಿಗೆ ಬರೆದುಕೊಡ್ತೀನಿ.

ಅಪ್ಪನ ಬೆನ್ನು ನೆನಪೈತಲ್ಲ? ಖಾನಾಪುರದ ಇಟ್ಟಂಗಿ ಭಟ್ಟಿಯೊಳಗ ಹೊತ್ತು ಹೊತ್ತು ಬಾಗಿದ್ದು. ವಯಸ್ಸಾತು ಅಂದುಕೊಂಡು ಸುಮ್ಮನಾದ್ವಿ. ಏನು ಹೊರತಿ ಅಪ್ಪಾ, ದಿನಕ್ಕ ಎಷ್ಟು ಹೊರತಿ ಅಂತ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ನಿನ್ನ ಕೇಳಾಕತ್ತೀನಿ. ಒಂದು ಬಾಕ್ಸ್ ಎಷ್ಟು ಕಿಲೋ, ದಿನಕ್ಕ ಎಷ್ಟು ಎತ್ತತಿ, ಒಂದು ಚೀಟಿಯೊಳಗ ಬರಕೊಂಡು ಬಾ.

ನಿನ್ನ
ಅಕ್ಕ